ಸಾಲಿನ ಕೊನೆಯ ವೆನಿಸ್‌ನವನು

ಮೈಕು ಆನ್ ಇದೆ ಅನ್ನುವುದನ್ನೇ ಮರೆತು ನಾನು ಅವನನ್ನು ಬಾತುಕೋಳಿ ಅಂದುಬಿಟ್ಟೆ. ನಮ್ಮಿಬ್ಬರ ಪರಿಚಯ ಆದದ್ದು ಹಾಗೆ.

ಮೇ ತಿಂಗಳ ಒಂದು ಗುರುವಾರ. ಬೆಳಿಗ್ಗೆ ಎಂಟಕ್ಕೆ ಹಡಗು ನಮ್ಮ ಜೆನೋವಾ ಬಂದರಿಗೆ ಬಂದು ನಿಂತಿತ್ತು. ಒಂಬತ್ತಕ್ಕೆ ನಾನು ಹದಿನಾಲ್ಕನೇ ನಂಬರಿನ ಫಲಕ ಎತ್ತಿ ಹಿಡಿದು, ಹಡಗಿನಿಂದ ಇಳಿದ ಮೂವತ್ತೊಂದು ಜನರನ್ನು ಊರು ತೋರಿಸಲು ಕರೆದುಕೊಂಡು ಹೊರಟಿದ್ದೆ. ಗೈಡ್ ಕೆಲಸದಲ್ಲಿ ಅದು ನನ್ನ ಹದಿಮೂರನೇ ಬೇಸಿಗೆ.

ಈ ನಡಿಗೆಯ ಪ್ರವಾಸಕ್ಕೆ ಒಂದು ಕ್ರಮ ಇದೆ. ಮುಂದೆ ಊರಿನ ಗೈಡ್, ಅವಳ ಕೊರಳಲ್ಲಿ ಸಣ್ಣ ಮೈಕು. ಹಿಂದೆ ಬರುವ ಎಲ್ಲರ ಕಿವಿಯಲ್ಲೂ ಒಂದೊಂದು ಇಯರ್‌ಫೋನ್. ಸಾಲಿನ ಕಟ್ಟಕಡೆಗೆ ಹಡಗಿನ ಸಿಬ್ಬಂದಿ ಒಬ್ಬ, ಯಾರೂ ಓಣಿಗಳಲ್ಲಿ ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳಲು. ನನ್ನ ಮಾತು ಅವನಿಗೂ ಕೇಳುತ್ತದೆ. ಅವನ ಮಾತು ನನಗೆ ಕೇಳುವುದಿಲ್ಲ.

ಬಂದರಿನ ಎದುರಿನ ಕಮಾನುಗಳ ಕೆಳಗೆ ನಿವೆಸ್ ಚಿಕ್ಕಮ್ಮನ ಅಂಗಡಿ. ಬೆಳಿಗ್ಗೆಯಿಂದಲೇ ಅಲ್ಲಿ ಸಣ್ಣ ಮೀನು ಕರಿಯುವ ಚುರ್ ಸದ್ದು. ನನ್ನ ಗುಂಪು ಅಲ್ಲಿ ಹತ್ತು ನಿಮಿಷ ನಿಂತು ಕಾಗದದ ಪೊಟ್ಟಣದಲ್ಲಿ ಮೀನು ತಿಂದು ಮುಂದೆ ಹೋಗುವುದು ವಾಡಿಕೆ.

"ಹಿಂದೆ ಯಾರೇ ಅವನು? ಹೊಸಬ ಅನ್ಸತ್ತೆ," ಅಂದಳು ಚಿಕ್ಕಮ್ಮ, ಜಾಲರಿ ಸೌಟು ಝಾಡಿಸುತ್ತಾ.

"ಆಲ್ವಿಸೆ ಅಂತೆ. ವೆನಿಸ್‌ನವನಂತೆ. ನಡಿಗೆ ನೋಡು, ಥೇಟ್ ಬಾತುಕೋಳಿ. ಪಾಪ, ನೀರಿನ ಮೇಲೆ ಹುಟ್ಟಿದವರು. ಗಟ್ಟಿ ನೆಲ ಕಂಡು ಅಭ್ಯಾಸ ಇರಲ್ಲ."

"ಮುಖ?"

"ಮುಖ ಪರವಾಗಿಲ್ಲ. ಕಣ್ಣಂತೂ ಚೆನ್ನಾಗೇ ಇದೆ. ಆದ್ರೇನು, ವೆನಿಸ್‌ನವನಲ್ವಾ, ವೇಸ್ಟು."

ಗುಂಪಿನಲ್ಲಿದ್ದ ಕೆನಡಾದವರಿಗೂ ಜರ್ಮನ್ನರಿಗೂ ನಮ್ಮ ಭಾಷೆ ಒಂದಕ್ಷರ ಬಾರದು. ಅವರು ಮೀನು ತಿನ್ನುವುದರಲ್ಲೇ ಇದ್ದರು. ಕೊನೆಯ ಕಂಬಕ್ಕೆ ಒರಗಿ ನಿಂತಿದ್ದ ಒಬ್ಬ ಮಾತ್ರ ನನ್ನನ್ನೇ ನೋಡುತ್ತಾ, ತನ್ನ ಕಿವಿಯ ಇಯರ್‌ಫೋನನ್ನು ಬೆರಳಿನಿಂದ ಎರಡು ಸಲ ತಟ್ಟಿದ. ಆಮೇಲೆ ಸೊಂಟದವರೆಗೆ ಬಗ್ಗಿ ನಮಸ್ಕಾರ ಮಾಡಿದ.

ಆ ಎಣ್ಣೆ ಬಾಣಲೆಗೇ ಹಾರಿಬಿಡೋಣ ಅನ್ನಿಸಿತು.

ಆಮೇಲಿನ ಮೂರು ಗಂಟೆ, ನಾನು ಹಿಂತಿರುಗಿ ನೋಡಿದಾಗಲೆಲ್ಲ ಅವನು ಬೇಕೆಂದೇ ಬಾತುಕೋಳಿ ಹಾಗೆ ತೊನೆಯುತ್ತಾ ನಡೆದ. ಒಬ್ಬ ಜರ್ಮನ್ ಅಜ್ಜಿ ಕಾಲು ನೋವೇನಪ್ಪ ಅಂತ ವಿಚಾರಿಸಿದಳು.

ಬಂದರಿಗೆ ವಾಪಸು ಬಂದ ಮೇಲೆ ನೇರ ನನ್ನ ಹತ್ತಿರ ಬಂದ. "ಸಿಗ್ನೋರಾ ದೆಲ್ಫಿನಾ, ಕಣ್ಣಿನ ಬಗ್ಗೆ ಹೇಳಿದ್ದಕ್ಕೆ ಥ್ಯಾಂಕ್ಸ್. ಮಿಕ್ಕಿದ್ದು ನನಗೆ ಕೇಳಿಸಲಿಲ್ಲ."

"ಸಿಗ್ನೋರಾ ಅಲ್ಲ. ನನಗೆ ಮದುವೆ ಆಗಿಲ್ಲ," ಅಂದೆ.

"ಇದು ಮಾತ್ರ ಚೆನ್ನಾಗಿ ಕೇಳಿಸ್ತು," ಅಂದು ಹಡಗಿನ ಕಡೆ ಹೊರಟ. ಈ ಸಲ ನೆಟ್ಟಗೆ ನಡೆದ. ಚೆನ್ನಾಗೇ ನಡೆಯುತ್ತಿದ್ದ.

*

ನಮ್ಮೂರಿಗೆ 'ಗರ್ವಿಷ್ಠೆ' ಎಂದೇ ಇನ್ನೊಂದು ಹೆಸರು. ಬೈಗುಳವಲ್ಲ, ಬಿರುದು. ಬೆಟ್ಟಕ್ಕೆ ಬೆನ್ನು ಕೊಟ್ಟು ಸಮುದ್ರಕ್ಕೆ ಎದೆ ಕೊಟ್ಟು ನಿಂತ ಊರಿಗೆ ಅಷ್ಟಾದರೂ ಬೇಡವೇ? ನನ್ನಪ್ಪ ಕಾನೆಪಾ ಮೂವತ್ತನಾಲ್ಕು ವರ್ಷ ಇದೇ ಬಂದರಿನಲ್ಲಿ ಮೂಟೆ ಹೊತ್ತ. ಅವನು ತೀರಿಕೊಂಡು ಆರು ವರ್ಷವಾಯಿತು. ಇವತ್ತಿಗೂ ಹಳೆಯ ಹಮಾಲಿಗಳು ನನ್ನನ್ನು ಕಂಡರೆ, "ಕಾನೆಪಾನ ಮಗಳು, ತಲೆ ಎತ್ತಿ ನಡಿಯಮ್ಮ," ಅನ್ನುತ್ತಾರೆ. ನಾನು ಹಾಗೇ ನಡೆಯುತ್ತೇನೆ.

ಅಂಥ ಊರಿನವಳಿಗೂ ವೆನಿಸ್‌ನವನಿಗೂ ಎಲ್ಲಿಯ ಸಂಬಂಧ? ಏಳುನೂರು ವರ್ಷ ಹಿಂದೆ ಸಮುದ್ರದ ಮೇಲೆ ಒಬ್ಬರ ಹಡಗು ಒಬ್ಬರು ಸುಟ್ಟವರು ನಾವು. ಆ ಜಗಳ ಮುಗಿದಿದೆ ಅಂತ ಎರಡೂ ಊರಿನವರಿಗೆ ಯಾರೂ ಹೇಳಿಲ್ಲ.

ಹಡಗು ಪ್ರತಿ ಗುರುವಾರ ಬರುತ್ತಿತ್ತು. ಪ್ರತಿ ಗುರುವಾರ ನಾನು ಸಾಲಿನ ತಲೆ, ಅವನು ಸಾಲಿನ ಬಾಲ. ನಡುವೆ ಮೂವತ್ತು ತಲೆಗಳು, ಟೋಪಿಗಳು, ಛತ್ರಿಗಳು. ಮಾತು ನನ್ನದು, ಉತ್ತರ ಅವನ ಹುಬ್ಬಿನದು.

ಬಂದರಿನ ಬಣ್ಣದ ಅರಮನೆಯ ಎದುರು ನಿಂತು ಹೇಳಿದೆ: "ಈ ಗೋಡೆಯಲ್ಲಿರೋ ಕಲ್ಲಿನ ಸಿಂಹದ ತಲೆಗಳು ನೋಡಿ. ವೆನಿಸ್‌ನವರು ದೂರದೇಶದಲ್ಲಿ ಇಟ್ಟುಕೊಂಡಿದ್ದ ಕಟ್ಟಡದಿಂದ ನಾವು ಕಿತ್ತುಕೊಂಡು ಬಂದದ್ದು ಅಂತಾರೆ. ಯುದ್ಧದಲ್ಲಿ ಸಿಕ್ಕಿದ ವೆನಿಸ್‌ನವರನ್ನ ಇದೇ ಕಟ್ಟಡದಲ್ಲಿ ಕೂಡಿ ಹಾಕಿದ್ವಿ."

ಮೂವತ್ತು ತಲೆಗಳಾಚೆ ಅವನು ಎರಡೂ ಕೈ ಜೋಡಿಸಿ ಬೇಡಿ ಹಾಕಿಸಿಕೊಂಡವನ ಹಾಗೆ ಮುಂದೆ ಚಾಚಿದ. ನನಗೆ ನಗು ತಡೆಯಲಾಗಲಿಲ್ಲ. ಮೂವತ್ತು ಜನರ ಕಿವಿಯಲ್ಲೂ ಆ ನಗು ಕೇಳಿಸಿತು.

ಮಧ್ಯಾಹ್ನ ಚಿಕ್ಕಮ್ಮನ ಅಂಗಡಿಯಲ್ಲಿ ಕಡಲೆಹಿಟ್ಟಿನ ಫಾರಿನಾಟಾ ರೊಟ್ಟಿ ತಿನ್ನುವಾಗ ಕೇಳಿದ, "ಹಾಗಾದ್ರೆ ನಿಮ್ಮ ಹೆಮ್ಮೆಯ ಗೋಡೆಯಲ್ಲಿ ಇರೋದು ನಮ್ಮ ಕಲ್ಲು?"

"ಕದ್ದದ್ದು ಅಂತ ಒಪ್ಕೋತೀವಿ. ನೀವು ಕದ್ದದ್ದನ್ನ ದೇವರು ಕೊಟ್ಟಿದ್ದು ಅಂತೀರ."

"ನಿಮ್ಮೂರಲ್ಲಿ ಎಲ್ಲಾ ಏರೋದು ಇಳಿಯೋದೇ. ಮಂಡಿ ಸವೀತಾ ಇದೆ."

"ನಿಮ್ಮೂರು ಮುಳುಗ್ತಾ ಇದೆ. ಮಂಡಿ ಒದ್ದೆ ಆಗಲ್ವಾ?"

ಅವನು ಕೈಯಲ್ಲಿದ್ದ ತುಂಡನ್ನು ಬಾಯಿಗೆ ಹಾಕಿಕೊಂಡು ನಿಧಾನ ಅಗಿದ. "ಒಂದು ಮಾತು ಹೇಳ್ಲಾ? ವಾರಕ್ಕೆ ನಾಲ್ಕು ಗಂಟೆ ನಿಮ್ಮ ದನಿ ನನ್ನ ಕಿವಿಯಲ್ಲಿರುತ್ತೆ. ಮದುವೆಯಾಗಿ ಇಪ್ಪತ್ತು ವರ್ಷ ಆದ ಗಂಡಸರೂ ಹೆಂಡ್ತಿ ಮಾತನ್ನ ಇಷ್ಟು ಕೇಳಿರಲ್ಲ."

ಚಿಕ್ಕಮ್ಮ ಒಲೆಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಕುಲುಕುತ್ತಿತ್ತು.

ನನಗೆ ಮೂವತ್ತೆಂಟು. ಅವನಿಗೆ ನಲವತ್ತೆರಡು. ಈ ವಯಸ್ಸಿಗೆ ಬುಧವಾರ ಸಂಜೆ ತಲೆಗೆ ಸ್ನಾನ ಮಾಡಿ, ಅಂಗಿಗೆ ಇಸ್ತ್ರಿ ಹಾಕಿಟ್ಟು, "ಗುರುವಾರ ಬಿಸಿಲಿರತ್ತಾ?" ಅಂತ ಕಿಟಕಿಯಿಂದ ಮೂರು ಸಲ ಆಕಾಶ ನೋಡುವುದು ನಗೆಪಾಟಲು. ನೋಡುತ್ತಿದ್ದೆ.

*

ನನ್ನ ಪ್ರವಾಸದ ಕೊನೆಗೆ ಒಂದು ಏರು ಬರುತ್ತದೆ. ಅರಮನೆಗಳ ಬೀದಿಯ ಹಿಂದೆ ಇಟ್ಟಿಗೆ ಹಾಸಿದ ಕಡಿದಾದ ಓಣಿ. ಹತ್ತಿದರೆ ಮೇಲೆ ಕಟ್ಟೆ. ಅಲ್ಲಿಂದ ಇಡೀ ಊರು ಕಾಲ ಕೆಳಗೆ: ಕಪ್ಪು ಕಲ್ಲಿನ ಮಾಡುಗಳು, ಗಂಟೆ ಗೋಪುರಗಳು, ಕ್ರೇನುಗಳು, ಅದರಾಚೆ ದೀಪಸ್ತಂಭ, ಸಮುದ್ರ. ಅಲ್ಲಿಗೆ ಹೋಗಲು ಲಿಫ್ಟೂ ಇದೆ. ಬೇರೆ ಗೈಡುಗಳೆಲ್ಲ ಅದರಲ್ಲೇ ಕರೆದೊಯ್ಯುತ್ತಾರೆ. ನಾನು ಒಪ್ಪುತ್ತಿರಲಿಲ್ಲ. ಜೆನೋವಾವನ್ನು ಮಂಡಿಯಿಂದ ನೋಡಬೇಕು, ಆಮೇಲೆ ಕಣ್ಣಿನಿಂದ ಅನ್ನುತ್ತಿದ್ದೆ. ಈ ಮಾತಿಗೆ ಎಲ್ಲರೂ ನಗುತ್ತಿದ್ದರು, ಹತ್ತುತ್ತಿದ್ದರು.

ಜುಲೈ ಕೊನೆಯ ಗುರುವಾರ. ಗಾಳಿ ನಿಂತುಹೋಗಿ ಕಲ್ಲೆಲ್ಲ ಬೆವರುವಂಥ ಧಗೆ. ಕಟ್ಟೆಯ ಮೇಲೆ ನಿಂತು ನನ್ನ ಕೊನೆಯ ಮಾತು ಹೇಳುತ್ತಿದ್ದೆ. ಹದಿಮೂರು ವರ್ಷದಿಂದ ತಿದ್ದಿ ತೀಡಿದ ಮಾತು. "ಕೆಳಗೆ ನೋಡಿ. ಈ ಊರನ್ನ ಯಾವ ರಾಜನೂ ಕಟ್ಟಲಿಲ್ಲ. ಮೂಟೆ ಹೊತ್ತವರು, ಹಗ್ಗ ಎಳೆದವರು, ದೋಣಿಗೆ ಹುಟ್ಟು ಹಾಕಿದವರು ಕಟ್ಟಿದ್ದು."

ಚಪ್ಪಾಳೆ ಬಿತ್ತು. ಆಗ ನೋಡಿದರೆ ಸಾಲಿನ ಕೊನೆಯಲ್ಲಿ ಅವನಿರಲಿಲ್ಲ. ಕೆನಡಾದ ಹ್ಯಾಲಿಫ್ಯಾಕ್ಸಿನ ಡೆಸ್ಮಂಡ್ ಅನ್ನುವ ಎಪ್ಪತ್ತೊಂಬತ್ತರ ಮೇಷ್ಟ್ರು, ಅವರ ಹೆಂಡತಿ ವಿನಿಫ್ರೆಡ್, ಅವರೂ ಇರಲಿಲ್ಲ.

ಬಂದರಿನಲ್ಲಿ ಆಲ್ವಿಸೆ ಸಿಕ್ಕ. ಅಂಗಿ ಬೆನ್ನಿಗೆ ಅಂಟಿತ್ತು. "ಮೇಷ್ಟ್ರಿಗೆ ತುಂಬಾ ಸುಸ್ತಾಯ್ತು. ಅರ್ಧ ದಾರೀಲೇ ಕೂರಿಸಿ, ಆಮೇಲೆ ಕೆಳಗೆ ಕರ್ಕೊಂಡು ಬಂದೆ. ದೆಲ್ಫಿನಾ, ಆ ಏರು..."

"ಟೋಪಿ ಹಾಕ್ಕೊಂಡು ಬನ್ನಿ ಅಂತ ಬೆಳಿಗ್ಗೆನೇ ಹೇಳ್ತೀನಿ. ಯಾರು ಕೇಳ್ತಾರೆ?" ಅಂದು ನಾನು ಇನ್ನೊಬ್ಬರಿಗೆ ದಾರಿ ತೋರಿಸಲು ತಿರುಗಿದೆ. ಅವನ ಮಾತು ಅಲ್ಲೇ ನಿಂತಿತು.

ಆರು ದಿನದ ಮೇಲೆ ಹಡಗಿನ ಪ್ರವಾಸ ವಿಭಾಗದಿಂದ ಇಮೇಲ್ ಬಂತು. ಸಾಲಿನ ಕೊನೆಯ ಸಿಬ್ಬಂದಿಯ ವರದಿಯ ಆಧಾರದ ಮೇಲೆ ಏರು ದಾರಿಯನ್ನು ಕೈಬಿಡಬೇಕು, ಲಿಫ್ಟ್ ಬಳಸಬೇಕು, ಗೈಡ್ ವೇಗ ತಗ್ಗಿಸಬೇಕು.

ನಾನು ಆ ಇಮೇಲನ್ನು ನಾಲ್ಕು ಸಲ ಓದಿದೆ. ನನ್ನೂರಿನಲ್ಲಿ ನಾನು ಹೇಗೆ ನಡೆಯಬೇಕು ಅಂತ!

*

ಮಾರನೇ ದಿನ ಗುಂಪು ಸೇರುವ ಮೊದಲೇ ಅವನನ್ನು ಕಂಬದ ಪಕ್ಕಕ್ಕೆ ಕರೆದೆ.

"ವರದಿ ಬರೆದೋರು ಯಾರು?"

"ನಾನೇ."

ಇಲ್ಲ ಅನ್ನುತ್ತಾನೆ, ಸಮಜಾಯಿಷಿ ಕೊಡುತ್ತಾನೆ ಅಂದುಕೊಂಡಿದ್ದೆ. ಅವನು ಕಣ್ಣು ತಗ್ಗಿಸಲಿಲ್ಲ.

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಹೇಳೋಕೆ ಬಂದೆ. ನೀವು ಟೋಪಿ ವಿಷಯ ಹೇಳಿದ್ರಿ."

ನಿಜ. ಆ ನಿಜವೇ ಮೈಗೆ ಬೆಂಕಿ ಹಚ್ಚಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. "ಸ್ವಂತ ಊರನ್ನ ಮಾರ್ಕೊಂಡು ಹಡಗಿನ ಬಾಲ ಹಿಡಿದವನು ನೀನು. ಮನೆ ಮನೆನೂ ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು ಎದ್ದು ಹೋದ ಜನ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ! ನೀನು ನನಗೆ ಜೆನೋವಾದಲ್ಲಿ ನಡಿಯೋದು ಹೇಳಿಕೊಡ್ತೀಯಾ?"

ಅವನ ಮುಖದಿಂದ ರಕ್ತ ಇಳಿದುಹೋದದ್ದು ಕಾಣಿಸಿತು.

"ಇಪ್ಪತ್ತೊಂಬತ್ತು ಜನ ಕಾಯ್ತಿದಾರೆ, ಸಿಗ್ನೋರಾ," ಅಂದ. ಹೋಗಿ ಸಾಲಿನ ಕೊನೆಗೆ ನಿಂತ.

ಅವತ್ತು ನಾನು ಸಿಂಹದ ತಲೆಗಳ ಬಗ್ಗೆ ಹೇಳಿದೆ, ಪಟ್ಟೆ ಪಟ್ಟೆ ಕಲ್ಲಿನ ದೊಡ್ಡ ಚರ್ಚಿನೊಳಗೆ ಬಿದ್ದೂ ಸಿಡಿಯದ ಯುದ್ಧಕಾಲದ ಗುಂಡಿನ ಬಗ್ಗೆ ಹೇಳಿದೆ. ಹಿಂತಿರುಗಿ ನೋಡಿದಾಗ ಅವನ ಇಯರ್‌ಫೋನು ಕಿವಿಯಲ್ಲಿರಲಿಲ್ಲ. ಕೊರಳಿಗೆ ಜೋತುಬಿದ್ದಿತ್ತು. ಇಡೀ ಬೇಸಿಗೆಯಲ್ಲಿ ಮೊದಲ ಸಲ ನಾನು ಅವನಿಲ್ಲದ ಸಾಲಿಗೆ ಮಾತಾಡಿದೆ.

ಮುಂದಿನ ಗುರುವಾರ ಬೇರೆ ಯಾರೋ ಹುಡುಗಿ ಬಂದಳು. "ಆಲ್ವಿಸೆ ಇನ್ಮೇಲೆ ಜೆನೋವಾದಲ್ಲಿ ಇಳಿಯಲ್ಲವಂತೆ. ಹಡಗಿನೊಳಗಿನ ಡ್ಯೂಟಿ ಕೇಳಿ ಹಾಕಿಸ್ಕೊಂಡಿದಾರೆ," ಅಂದಳು.

ಅದರ ಮುಂದಿನ ಗುರುವಾರವೂ ಅವಳೇ. ಅದರ ಮುಂದಿನ ಗುರುವಾರವೂ.

ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. ಸಮಾಧಾನ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಸೌಟು ಕೆಳಗಿಟ್ಟಳು. "ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನೋ ಜಾತಿ ನಮ್ದು. ನಿಮ್ಮಪ್ಪನೂ ಹಾಗೇ ಇದ್ದ. ಆದ್ರೆ ಅವನು ಮೂಟೆ ಹೊರುವಾಗ ಹಿಂದಿನವನ ಹೆಜ್ಜೆ ಕೇಳಿಸ್ಕೊಂಡೇ ಮುಂದಿನ ಹೆಜ್ಜೆ ಇಡ್ತಿದ್ದ. ನೀನು ಯಾವತ್ತಾದ್ರೂ ಕೇಳಿಸ್ಕೊಂಡಿದ್ದೀಯಾ?"

*

ಆಗಸ್ಟ್ ಕೊನೆಯಲ್ಲಿ ಹ್ಯಾಲಿಫ್ಯಾಕ್ಸಿನಿಂದ ಒಂದು ಕಾಗದ ಬಂತು. ವಿನಿಫ್ರೆಡ್ ಬರೆದದ್ದು. ದುಂಡಗಿನ ಅಕ್ಷರ.

"ಪ್ರೀತಿಯ ದೆಲ್ಫಿನಾ, ಅವತ್ತು ನಿಮಗೆ ವಿದಾಯ ಹೇಳಲಾಗಲಿಲ್ಲ. ಏರಿನ ಅರ್ಧದಲ್ಲಿ ಡೆಸ್ಮಂಡನ ಎದೆ ಹಿಡಿದುಕೊಂಡಿತು. ನಿಮ್ಮ ಸಹೋದ್ಯೋಗಿ ಅವನನ್ನು ಒಂದು ಮನೆಯ ಮೆಟ್ಟಿಲ ಮೇಲೆ ಕೂರಿಸಿ, ನೀರು ಕುಡಿಸಿ, ಔಷಧಿ ಹುಡುಕಿ ಕೊಟ್ಟರು. ನಮ್ಮ ಕಿವಿಯಲ್ಲಿ ನಿಮ್ಮ ದನಿ 'ಕೆಳಗೆ ನೋಡಿ' ಅನ್ನುತ್ತಿತ್ತು. ನಮ್ಮ ಕಣ್ಣೆದುರು ಇದ್ದದ್ದು ಒಂದು ಗೋಡೆ. ಡೆಸ್ಮಂಡ್ ಅಳುವುದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಇಷ್ಟು ದೂರ ಬಂದೂ ನೋಡಲಾಗಲಿಲ್ಲವಲ್ಲ ಅಂದ. ಆಗ ನಿಮ್ಮ ಸಹೋದ್ಯೋಗಿ ಅವನ ಪಕ್ಕ ಕೂತು, ಆ ಗೋಡೆಯ ಕಡೆಗೇ ಕೈ ತೋರಿಸುತ್ತಾ, ಮೇಲಿನಿಂದ ಏನೇನು ಕಾಣುತ್ತದೆ ಅಂತ ಒಂದೊಂದಾಗಿ ಹೇಳಿದರು. ಯಾವ ಮಾಡಿನ ಪಕ್ಕ ಯಾವ ಗೋಪುರ, ಯಾರು ಯಾವ ಕಲ್ಲು ಹೊತ್ತರು ಅಂತ. ನಡುನಡುವೆ ಹಿಂದೆ ಉಳಿಯುವ ನಮ್ಮಂಥವರಿಗೆಲ್ಲ ಅವರು ಬೆಳಿಗ್ಗೆಯಿಂದಲೂ ಹಾಗೇ ಹೇಳುತ್ತಿದ್ದರು. ನಾವು ತಲುಪುವಷ್ಟರಲ್ಲಿ ನಿಮ್ಮ ಮಾತು ಮುಗಿದಿರುತ್ತಿತ್ತು ನೋಡಿ. ಎಷ್ಟು ಹೆಮ್ಮೆಯಿಂದ ಹೇಳಿದರು! ತನ್ನ ಊರಿನ ಬಗ್ಗೆ ಹಾಗೆ ಮಾತಾಡುವವರನ್ನು ನಾವು ಎಲ್ಲೂ ನೋಡಲಿಲ್ಲ. ಜೆನೋವಾದಲ್ಲಿ ಹುಟ್ಟಿ ಬೆಳೆದವರೇ ಇರಬೇಕು. ಡೆಸ್ಮಂಡ್ ಈಗ ಆರಾಮಾಗಿದ್ದಾನೆ. ನಿಮ್ಮಿಬ್ಬರಿಗೂ ನಮಸ್ಕಾರ."

ಕಾಗದ ಹಿಡಿದು ಅಡಿಗೆಮನೆಯ ಸ್ಟೂಲಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಹದಿಮೂರು ವರ್ಷ. ಒಂದು ದಿನವೂ ನಾನು ಸಾಲಿನ ಕೊನೆಯಲ್ಲಿ ನಡೆದವಳಲ್ಲ.

ಮಂಗಳವಾರ ಇನ್ನೊಂದು ಹಡಗಿನ ಗುಂಪಿನ ಹಿಂದೆ, ನನ್ನ ಗೆಳತಿ ಗೈಡ್ ಮಾಡುತ್ತಿದ್ದಾಗ, ಕೊನೆಗೆ ಸೇರಿಕೊಂಡು ನಡೆದೆ. ಕೋಲು ಹಿಡಿದ ಒಬ್ಬ ಹೆಂಗಸು ಪ್ರತಿ ಕಟ್ಟಡದ ಎದುರಿಗೂ ಸರಿಯಾಗಿ ಗುಂಪು ಹೊರಡುವ ಹೊತ್ತಿಗೆ ಬಂದು ಮುಟ್ಟುತ್ತಿದ್ದಳು. ಅವಳು ಜೆನೋವಾದಲ್ಲಿ ನೋಡಿದ್ದು ಬರೀ ಬೆನ್ನುಗಳನ್ನು.

ಮನೆಗೆ ಬಂದು ಪ್ರವಾಸ ವಿಭಾಗಕ್ಕೆ ಬರೆದೆ: ಲಿಫ್ಟಿನಲ್ಲೇ ಹೋಗುತ್ತೇನೆ. ಕೊನೆಯವರು ಬಂದು ನಿಲ್ಲುವವರೆಗೆ ಬಾಯಿ ತೆರೆಯುವುದಿಲ್ಲ. ವರದಿ ಬರೆದವರು ಸರಿಯಾಗಿಯೇ ಬರೆದಿದ್ದಾರೆ.

*

ಸೆಪ್ಟೆಂಬರಿನ ಮೊದಲ ಗುರುವಾರ ನನಗೆ ಗುಂಪಿರಲಿಲ್ಲ. ಆದರೂ ಎಂಟಕ್ಕೇ ಬಂದರಿಗೆ ಹೋದೆ. ಹಡಗಿನ ಮೆಟ್ಟಿಲ ಬಳಿ ನಿಂತಿದ್ದ ಕಾವಲಿನವನಿಗೆ ಹೇಳಿದೆ, "ಆಲ್ವಿಸೆ ಜೆನ್ನಾರೊ ಅವರಿಗೆ ಒಂದು ಸುದ್ದಿ ಮುಟ್ಟಿಸಬೇಕು."

"ಏನಂತ?"

"ಜೆನೋವಾ ಶರಣಾಗಿದೆ ಅಂತ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಫೋನ್ ಎತ್ತಿದ.

ಇಪ್ಪತ್ತು ನಿಮಿಷವಾಯಿತು. ಗರ್ವಿಷ್ಠೆಯ ಮಗಳು ಹಡಗಿನ ಬುಡದಲ್ಲಿ ಕೈ ಕಟ್ಟಿ ನಿಂತಿದ್ದಳು. ಕೊನೆಗೆ ಇಳಿದು ಬಂದ. ಯೂನಿಫಾರ್ಮ್ ಇರಲಿಲ್ಲ, ತೋಳು ಮಡಿಸಿದ ನೀಲಿ ಅಂಗಿ.

"ಏಳುನೂರು ವರ್ಷ ಕಾದ ಸುದ್ದಿ," ಅಂದ. "ಬೇರೆಯವರ ಬಾಯಲ್ಲಿ ಕೇಳಿ ನಂಬೋ ಹಾಗಿರಲಿಲ್ಲ."

"ಊರಿನ ಪರವಾಗಿ ಅಲ್ಲ. ನನ್ನ ಪರವಾಗಿ ಬಂದಿದ್ದೀನಿ. ನಾನು ಆಡಿದ ಮಾತು ತಪ್ಪು. ನೀವು ಬರೆದದ್ದು ಸರಿ. ಮೇಷ್ಟ್ರ ಹೆಂಡತಿ ಕಾಗದ ಬರೆದಿದ್ದಾರೆ." ಮಾತನ್ನು ಹಿಂದಿನ ರಾತ್ರಿಯೇ ಜೋಡಿಸಿಟ್ಟಿದ್ದೆ. ಕಾಗದವನ್ನು ಅವನ ಕೈಗಿಟ್ಟೆ. "ನೀವು ನನ್ನೂರನ್ನ ನನಗಿಂತ ಚೆನ್ನಾಗಿ ತೋರಿಸಿದ್ರಿ. ಗೋಡೆ ಮೇಲೆ ತೋರಿಸಿದ್ರಿ."

ಅವನು ಕಾಗದ ಓದಿ ಮಡಿಸಿ ವಾಪಸು ಕೊಟ್ಟ. "ನೀವು ಅಂದದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಉರೀತು. ಅಪ್ಪ ಹುಟ್ಟು ಕೆತ್ತೋರು. ವೆನಿಸ್‌ನಲ್ಲಿ ದೋಣಿಗೆ ಹುಟ್ಟು ಮಾಡೋದು ಅಂದ್ರೆ ದೊಡ್ಡ ಮರ್ಯಾದೆ. ನಾನೂ ಹದಿನಾಲ್ಕು ವರ್ಷ ಕೆತ್ತಿದೆ. ಅಪ್ಪ ಹೋದ್ಮೇಲೆ ಅಣ್ಣ ಆ ಕೆಲಸದ ಮನೆ ಮಾರೋಣ ಅಂದ. ನಾನೂ ಸಹಿ ಹಾಕ್ದೆ. ಈಗ ಅಪ್ಪನ ಕೆತ್ತೋ ಮೇಜಿನ ಮೇಲೆ ಯಾರೋ ಪ್ರವಾಸಿಗರು ಬೆಳಗಿನ ತಿಂಡಿ ತಿಂತಾರೆ."

ಹೇಳುವುದೇ ನನ್ನ ಕಸುಬು, ಅವತ್ತು ಕೇಳಿಸಿಕೊಂಡೆ.

"ಆದ್ರೆ ಒಂದು," ಅಂದ ಅವನು. ಕಣ್ಣಿನ ಮೂಲೆಯಲ್ಲಿ ಹಳೆಯ ತುಂಟತನ ಇಣುಕಿತು. "ಬೈಯುವಾಗ 'ನೀನು' ಅಂದ್ರಿ. ಮೂರು ತಿಂಗಳು ಕಾದಿದ್ದೆ ಆ 'ನೀನು'ಗೆ. ಬಂದದ್ದು ಬೈಗುಳದ ಜೊತೆ."

"ಮತ್ತೆ 'ನೀವು' ಅಂತಿದ್ದೀನಲ್ಲ."

"ಅದೇ ಬೇಜಾರು."

ಕೆನ್ನೆ ಬಿಸಿಯಾಯಿತು. ನೆಲ ನೋಡುತ್ತಾ ಹೇಳಿದೆ, "ಊಟ ಮಾಡಿದ್ದೀಯಾ?"

ಬೆಳಿಗ್ಗೆ ಎಂಟೂವರೆಗೆ ಊಟ! ಇಬ್ಬರೂ ನಕ್ಕೆವು. ಬಂದರಿನ ಹಕ್ಕಿಗಳು ಬೆದರಿ ಎದ್ದವು.

ಅವತ್ತು ಊರನ್ನು ಅವನು ನನಗೆ ತೋರಿಸಿದ. ಹಳೆ ಬಂದರಿನ ಆಚೆ, ಮ್ಯೂಸಿಯಂ ಹಿಂಭಾಗದಲ್ಲಿ, ನಾನು ಸಾವಿರ ಸಲ ದಾಟಿ ಹೋದ ಒಂದು ಶೆಡ್ಡು. ಒಳಗೆ ಮರದ ದೋಣಿಗಳನ್ನು ರಿಪೇರಿ ಮಾಡುವ ಪ್ರೊಸ್ಪೆರೊ ಅನ್ನುವ ಎಪ್ಪತ್ತರ ಬಡಗಿ. ಗುಂಪು ಕಾಫಿಗೆ ನಿಂತಾಗಲೆಲ್ಲ ಆಲ್ವಿಸೆ ಇಲ್ಲಿಗೆ ಬರುತ್ತಿದ್ದನಂತೆ.

"ಬಂದೆಯಾ ವೆನಿಸ್? ಮೂರು ವಾರ ಎಲ್ಲಿ ಸತ್ತಿದ್ದೆ?" ಅಂದ ಪ್ರೊಸ್ಪೆರೊ. "ಈ ಹುಟ್ಟು ನೋಡು, ನನ್ನ ಕೈಗೆ ಹದ ಸಿಕ್ತಿಲ್ಲ."

ಆಲ್ವಿಸೆ ಹತ್ತರಿ ಎತ್ತಿಕೊಂಡ. ಹುಟ್ಟನ್ನು ಒಂದು ಸಲ ಅಂಗೈಯಿಂದ ಸವರಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ತಳ್ಳಿದ. ತೆಳ್ಳಗಿನ ಸುರುಳಿಯೊಂದು ಎದ್ದು ಕೆಳಗೆ ಬಿತ್ತು. ಇನ್ನೊಂದು. ಅವನ ಬೆನ್ನು ನೇರವಾಯಿತು, ತುಟಿ ಬಿಗಿಯಾಯಿತು. ಸಾಲಿನ ಕೊನೆಯಲ್ಲಿ ಟೋಪಿಗಳನ್ನು ಎಣಿಸುತ್ತಾ ನಿಲ್ಲುತ್ತಿದ್ದವನು ಇವನೇನಾ ಅನ್ನಿಸಿತು. ಎಂಥ ಸೊಕ್ಕು ಆ ಕೈಗಳಲ್ಲಿ! ನನಗೆ ಬೇಕಾದಂಥ ಸೊಕ್ಕು.

"ಮೂಟೆ ಹೊತ್ತವರು, ಹುಟ್ಟು ಹಾಕಿದವರು ಊರು ಕಟ್ಟಿದ್ರು ಅಂತ ಹೇಳ್ತೀಯಲ್ಲ," ಅಂದ, ತಲೆ ಎತ್ತದೆ. "ಅದನ್ನ ಕೇಳಿದಾಗಲೆಲ್ಲ ನನ್ನ ಅಂಗೈ ತುರಿಸ್ತಿತ್ತು."

*

ಅಕ್ಟೋಬರ್ ಬಂತು. ಚಳಿಗಾಲಕ್ಕೆ ಹಡಗು ಬೇರೆ ಸಮುದ್ರಕ್ಕೆ ಹೋಗುತ್ತದೆ. ಹೋದರೆ ಮತ್ತೆ ಏಪ್ರಿಲ್‌ವರೆಗೆ ಇಲ್ಲ. ಬಂದರೂ ಅದೇ ಸಿಬ್ಬಂದಿ ಇರುತ್ತಾರೆ ಅಂತ ಗ್ಯಾರಂಟಿಯೂ ಇಲ್ಲ.

ಅವನು ಮತ್ತೆ ನನ್ನ ಸಾಲಿನ ಕೊನೆಗೆ ಬಂದಿದ್ದ. ಲಿಫ್ಟಿನಲ್ಲಿ ಹತ್ತುತ್ತಿದ್ದೆವು. ಕೋಲಿನವರು, ಮಂಡಿ ನೋವಿನವರು ಎಲ್ಲರೂ ಕಟ್ಟೆಗೆ ಬಂದು ನಿಂತ ಮೇಲೆ ಅವನು ದೂರದಿಂದ ತಲೆಯಾಡಿಸುತ್ತಿದ್ದ. ಆಮೇಲೆ ನಾನು ಮಾತು ಶುರು ಮಾಡುತ್ತಿದ್ದೆ. ಮಧ್ಯಾಹ್ನಗಳಲ್ಲಿ ಓಣಿ ಓಣಿ ಸುತ್ತುತ್ತಿದ್ದೆವು. ಕೈ ಕೈ ತಗುಲುತ್ತಿತ್ತು, ಹಿಡಿದುಕೊಳ್ಳುತ್ತಲೂ ಇತ್ತು. ಚಳಿಗಾಲದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

"ಬಾಯಿ ಬಿಟ್ಟು 'ಇರು' ಅಂತ ಕೇಳೇ," ಅಂದಳು ಚಿಕ್ಕಮ್ಮ.

"ನಾನ್ಯಾಕೆ ಕೇಳ್ಲಿ? ಅವನಿಗೇ ಅನ್ನಿಸ್ಬೇಕು."

"ಹೋದ ಗುರುವಾರ ಅವನೂ ಇದೇ ಮಾತು ಹೇಳಿ, ಎರಡು ಪೊಟ್ಟಣ ಮೀನು ತಿಂದು ಹೋದ. ಇಬ್ಬರೂ ಇಬ್ಬರೇ! ಒಂದು ಊರು ಮುಳುಗಿದ್ರೂ ಬಗ್ಗಲ್ಲ, ಇನ್ನೊಂದು ಬೆಟ್ಟ ಕುಸಿದ್ರೂ ಬಗ್ಗಲ್ಲ."

ಕೊನೆಯ ಗುರುವಾರ. ಆಕಾಶ ತೊಳೆದಿಟ್ಟ ಹಾಗಿತ್ತು. ನಡಿಗೆ ಮುಗಿಸಿ ನನ್ನ ಗುಂಪು ಹಡಗು ಹತ್ತಿತು. ನಾಲ್ಕೂವರೆ. ಬಂದರಿನ ಕಟ್ಟೆಯ ಮೇಲೆ ನಾವಿಬ್ಬರೇ.

ನಾನು ಬಹಳ ಘನವಾದ ಮಾತು ತಯಾರು ಮಾಡಿಕೊಂಡಿದ್ದೆ. "ಒಳ್ಳೆ ಪ್ರಯಾಣ ಆಗ್ಲಿ. ಆರೋಗ್ಯ ನೋಡ್ಕೋ," ಅಂದೆ.

"ಅಷ್ಟೇನಾ?"

"ಮತ್ತಿನ್ನೇನು?"

"ಏನಿಲ್ಲ. ಗೈಡ್‌ಗಳು ಕೊನೇಲಿ ಸಾಮಾನ್ಯ ಒಂದು ಒಳ್ಳೆ ಮಾತು ಹೇಳ್ತಾರೆ."

ಹಡಗು ಕೂಗಿತು. ಎದೆಯೊಳಗೆ ಹೊಕ್ಕು ಹೊರಡುವಂಥ ಕೂಗು. ಚಿಕ್ಕಂದಿನಿಂದ ಕೇಳಿದ್ದೇನೆ, ಅಪ್ಪನ ಹೆಗಲ ಮೇಲೆ ಕೂತು ಕೇಳಿದ್ದೇನೆ. ಅದು ಎಂದೂ ನನ್ನದೇನನ್ನೂ ಒಯ್ಯುವ ಕೂಗು ಅನ್ನಿಸಿರಲಿಲ್ಲ. ಅವನು ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟ. ಎರಡನೆಯದು ಇಟ್ಟ.

"ಇರು," ಅಂದೆ.

ಅವನು ತಿರುಗಿದ.

"ಎಷ್ಟು ಹೊತ್ತು?"

"ಹೊತ್ತಿನ ಲೆಕ್ಕ ಅಲ್ಲ. ಇರು. ನೀನು ಹೋದ್ರೆ ನಾನು ಯಾರಿಗೆ ಮಾತಾಡ್ಲಿ? ಮೂವತ್ತು ಜನರಿಗೆ ಅಂತ ಹೆಸರು, ಇಡೀ ಬೇಸಿಗೆ ನಾನು ಮಾತಾಡಿದ್ದು ನಿನಗೆ. ನನಗೆ ನೀನು ಬೇಕು ಆಲ್ವಿಸೆ. ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರಲ್ಲ."

ಅವನು ಹತ್ತಿರ ಬಂದ. ಕಣ್ಣು ತುಂಬಿತ್ತು, ತುಟಿಯಲ್ಲಿ ನಗು ತಡೆದುಕೊಳ್ಳುತ್ತಿದ್ದ. "ಮಧ್ಯಾಹ್ನವೇ ಹಡಗಿನ ಕೆಲಸದ ಕಾರ್ಡ್ ವಾಪಸು ಕೊಟ್ಟೆ. ಬ್ಯಾಗು ಪ್ರೊಸ್ಪೆರೊ ಶೆಡ್ಡಿನ ಮೇಲಿನ ಕೋಣೇಲಿದೆ. ಸೋಮವಾರದಿಂದ ಅಲ್ಲೇ ಕೆಲಸ."

"ಮತ್ತೆ ಆ ಮೆಟ್ಟಿಲ ಕಡೆ ಯಾಕೆ ಹೋಗ್ತಿದ್ದೆ?"

"ಮೂರನೇ ಹೆಜ್ಜೆಗೆ ನಿಲ್ತಿದ್ದೆ."

ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿದೆ. ಅವನು ಆ ಮುಷ್ಟಿಗಳನ್ನು ಹಿಡಿದುಕೊಂಡ, ಬಿಡಲಿಲ್ಲ. ಅವನ ಅಂಗೈಯಲ್ಲಿ ಹೊಸ ಗಟ್ಟಿ ಗುಳ್ಳೆಗಳೆದ್ದಿದ್ದವು, ಹತ್ತರಿ ಹಿಡಿದದ್ದಕ್ಕೆ. ಅವನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಆಮೇಲೆ ಅವನ ಮುಖವನ್ನು ಹತ್ತಿರಕ್ಕೆಳೆದು ಮುತ್ತಿಟ್ಟೆ. ಹಡಗಿನ ಆರನೇ ಅಂತಸ್ತಿನಿಂದ ಯಾರೋ ಸಿಳ್ಳೆ ಹೊಡೆದರು.

"ನಿನ್ನ ಮನೆಗೆ ಊಟಕ್ಕೆ ಬರ್ತೀನಿ, ಕರೆದ ದಿನ," ಅಂದ ಕಿವಿಯ ಬಳಿ. "ಅತಿಥಿಯಾಗಿ ಠಿಕಾಣಿ ಹೂಡಲ್ಲ. ಮೊದಲು ನನ್ನ ಕೈ ಈ ಊರಲ್ಲಿ ನಾಲ್ಕು ಹುಟ್ಟು ಕೆತ್ತಲಿ. ಆಮೇಲೆ ನಿನ್ನ ಪಕ್ಕ ನಿಲ್ತೀನಿ. ಇನ್ನೊಂದು ಮಾತು, ನಾನು ಜೆನೋವಾದವನು ಆಗಲ್ಲ."

"ಆಗು ಅಂದವರ್ಯಾರು? ಅದಕ್ಕೆಲ್ಲ ಹುಟ್ಟಿ ಬರಬೇಕು."

"ನಿಮ್ಮೂರಲ್ಲಿ ಒಬ್ಬ ವೆನಿಸ್‌ನವನಾದ್ರೂ ಇರ್ಬೇಕು, ದೆಲ್ಫಿನಾ. ಇಲ್ದಿದ್ರೆ ನೀನು ಯಾರ ಮೇಲೆ ಗೆಲ್ತೀಯಾ?"

ಹಡಗು ನಿಧಾನವಾಗಿ ದಡ ಬಿಟ್ಟಿತು. ನಾವು ತಿರುಗಿ ನೋಡಲಿಲ್ಲ. ಸಂಜೆಯ ಬಿಸಿಲು ಮಾಡುಗಳ ಮೇಲೆ ಮಲಗಿತ್ತು. ಓಣಿಯ ಬಾಯಿಯಲ್ಲಿ ಪತ್ರಿಕೆ ಮಾರುವ ಎತ್ತೋರೆ ತನ್ನ ಪೆಟ್ಟಿಗೆ ಅಂಗಡಿ ಮುಚ್ಚುತ್ತಿದ್ದ. ನನ್ನಪ್ಪನ ಜೊತೆ ಮೂಟೆ ಹೊತ್ತವನು. ನಮ್ಮ ಹೆಣೆದ ಕೈಗಳನ್ನು ನೋಡಿದ, ಕನ್ನಡಕ ಹಣೆಗೇರಿಸಿದ.

"ಏನಮ್ಮಾ ಕಾನೆಪಾನ ಮಗಳೇ, ಯಾರಿವನು?"

"ನನ್ನವನು," ಅಂದೆ. "ವೆನಿಸ್‌ನವನು."

ಎರಡನ್ನೂ ತಲೆ ಎತ್ತಿಯೇ ಅಂದೆ.